‘ಸ್ಕಿಲ್ ಗೇಮ್ ಅಲ್ವಾ ಸಾರ್?’

ಪ್ರಶ್ನೆ: ದುಡ್ಡು ಕಟ್ಟಿ ಮೊಬೈಲ್‌ನಲ್ಲಿ ಕೇರಂ, ಪೂಲ್, ಬಿಜಿಎಂಐ (ಗುಂಡು ಹಾರಿಸೋ ಗೇಮ್) ಆಡ್ತೀನಿ ಸಾರ್. ಇವೆಲ್ಲ ಸ್ಕಿಲ್ ಗೇಮ್ ಅಲ್ವಾ? ಚೆನ್ನಾಗಿ ಆಡುವವರು ದುಡ್ಡು ಮಾಡಬಹುದು ತಾನೇ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಆಟದ ಹೆಸರು ಬದಲಾಗುತ್ತದೆ, ಪ್ರಶ್ನೆ ಅದೇ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ‘ಸ್ಕಿಲ್ ಇದ್ದರೆ ಜೂಜಲ್ಲ’ ಎಂಬ ಮಾತಿಗೆ ಮೊದಲು ಬೆಲೆ ಇತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಸ್ಕಿಲ್ ಆಟ ಎಂದಿತ್ತು. ದುಡ್ಡಿನ ಆನ್‌ಲೈನ್ ಆಟಗಳ ಮೇಲೆ ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದಾಗಲೂ ಈ ವಾದ ನಡೆದಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿತು. ಸ್ಕಿಲ್ಲೋ ಅದೃಷ್ಟವೋ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ಯಾರೂ ನಡೆಸುವಂತಿಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆ ಕಾಯ್ದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ. ದೊಡ್ಡ ಕಂಪನಿಗಳು ಅದೇ ತಿಂಗಳು ದುಡ್ಡಿನ ಆಟ ನಿಲ್ಲಿಸಿದವು. ಈಗಲೂ ನಿಮ್ಮ ಫೋನಿನಲ್ಲಿ ಅಂಥ ಆಪ್ ಓಡುತ್ತಿದೆ ಅಂದರೆ ಅದು ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚಿಸಿ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಕೊನೆಯ ಸಾಲಿಗೆ. ‘ಚೆನ್ನಾಗಿ ಆಡುವವರು ದುಡ್ಡು ಮಾಡಬಹುದು.’

ನಾನೂ ಹಾಗೇ ಅಂದುಕೊಂಡಿದ್ದೆ. ಕೇರಂ ನನಗೆ ಚಿಕ್ಕಂದಿನಿಂದ ಕೈಗೆ ಕೂತ ಆಟ. 2022ರಲ್ಲಿ ಒಂದು ಆಪ್‌ನಲ್ಲಿ ಆಡಿ, ಮಗಳ ಹಳೇ ರಫ್ ನೋಟ್‌ಬುಕ್ಕಿನಲ್ಲಿ ಪ್ರತಿ ಆಟ ಬರೆದಿಟ್ಟೆ. ಇಬ್ಬರೂ 20 ರೂಪಾಯಿ ಕಟ್ಟಬೇಕು. ಒಟ್ಟು 40. ಗೆದ್ದವನಿಗೆ 36, ಉಳಿದ 4 ಆಪ್‌ನವರಿಗೆ. ಅಂದರೆ ಗೆದ್ದರೆ ನನಗೆ 16 ಲಾಭ, ಸೋತರೆ 20 ನಷ್ಟ. 60 ಆಟ ಆಡಿದೆ. 31 ಗೆದ್ದೆ, 29 ಸೋತೆ. ಸೋತದ್ದಕ್ಕಿಂತ ಗೆದ್ದದ್ದೇ ಜಾಸ್ತಿ, ಅಲ್ವಾ? ಈಗ ಕೂಡಿ ನೋಡಿ. ಗೆದ್ದು ಬಂದದ್ದು 496, ಸೋತು ಹೋದದ್ದು 580. ಕೈಯಿಂದ 84 ರೂಪಾಯಿ ಹೋಯಿತು. ಎದುರು ಆಡಿದವರೆಲ್ಲ ಸೇರಿ 156 ಕಳೆದುಕೊಂಡರು. ನನ್ನ 84, ಅವರ 156, ಒಟ್ಟು 240. ಅಷ್ಟೂ ಆಪ್‌ನವರಿಗೆ. ಅವರು ಕೇರಂನ ಒಂದು ಪಾನ್ ಕೂಡ ಮುಟ್ಟಿರಲಿಲ್ಲ.

ಈ ಲೆಕ್ಕದಲ್ಲಿ ಅಸಲು ಉಳಿಯಬೇಕಾದರೂ 100ರಲ್ಲಿ 56 ಆಟ ಗೆಲ್ಲಬೇಕು. ‘ನಾನು ಗೆಲ್ತೀನಿ’ ಅನ್ನುತ್ತೀರಿ. ಗೆಲ್ಲಿ. ಆದರೆ ಇಂಥ ಆಟಗಳಲ್ಲಿ ಸಾಮಾನ್ಯವಾಗಿ ನಿಮ್ಮ ಮಟ್ಟದವರನ್ನೇ ನಿಮ್ಮ ಎದುರು ಕೂರಿಸುತ್ತಾರೆ. ನೀವು ಪಳಗಿದಷ್ಟೂ ಎದುರಿಗೆ ಪಳಗಿದವರೇ ಬರುತ್ತಾರೆ. ಗೆಲುವು ಮತ್ತೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಸ್ಕಿಲ್ ಇರುವುದು ನಿಜ. ಅದು ಎದುರಿನವನಿಗೂ ಇದೆ ಅನ್ನುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹತ್ತರಲ್ಲಿ ಏಳು ಗೆಲ್ಲುವ ಪುಣ್ಯಾತ್ಮರೂ ಇದ್ದಾರೆ, ಒಪ್ಪುತ್ತೇನೆ. ಅವರಿಗೆ ಬರುವ ದುಡ್ಡು ಮತ್ತೆ ನಮ್ಮಂಥವರದ್ದೇ.

ಟ್ಯಾಕ್ಸ್ ಮಾತು ನಾನು ಎತ್ತಲೇ ಇಲ್ಲ. 2023ರ ಏಪ್ರಿಲ್‌ನಿಂದ ಗೆದ್ದ ನಿವ್ವಳ ಹಣದ ಮೇಲೆ 30 ಪರ್ಸೆಂಟ್ ಟಿಡಿಎಸ್ (ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ಟ್ಯಾಕ್ಸ್) ಹಿಡಿಯುತ್ತಿದ್ದರು.

ಹಾಗಾದರೆ ಟೂರ್ನಮೆಂಟ್? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಾನ್ಯತೆ ಪಡೆದ ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್ ಸ್ಪರ್ಧೆಗಳಿಗೆ, ಹೊಸ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಪ್ರವೇಶ ಶುಲ್ಕವೂ ಇರಬಹುದು, ಬಹುಮಾನವೂ ಇರಬಹುದು. ಬೆಟ್ಟಿಂಗ್ ಮಾತ್ರ ಕೂಡದು. ಟೆಲಿಗ್ರಾಂ ಗ್ರೂಪಿನಲ್ಲಿ ಯಾರೋ ಒಬ್ಬ ‘ಎಂಟ್ರಿ 30, ಪರ್ ಕಿಲ್ 20’ (ಆಟದಲ್ಲಿ ಒಬ್ಬನನ್ನು ಹೊಡೆದುರುಳಿಸಿದರೆ 20 ರೂಪಾಯಿ) ಅಂತ ಹಾಕಿ ಯುಪಿಐನಲ್ಲಿ ದುಡ್ಡು ಎತ್ತುತ್ತಾನಲ್ಲ, ಅದನ್ನು ಟೂರ್ನಮೆಂಟ್ ಅಂತ ಕರೆದುಬಿಟ್ಟರೆ ಇ-ಸ್ಪೋರ್ಟ್ಸ್ ಆಗುವುದಿಲ್ಲ.

ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬ ಹೀಗೇ 30 ಕಟ್ಟಿ, ಆಟಕ್ಕೆ ಸೇರಲು ರಾತ್ರಿ ಒಂಬತ್ತಕ್ಕೆ ಬರಬೇಕಿದ್ದ ರೂಂ ಐಡಿ, ಪಾಸ್‌ವರ್ಡ್‌ಗೆ ಕಾದು ಕೂತಿದ್ದ. ಒಂಬತ್ತೂಕಾಲಿಗೆ ಗ್ರೂಪೇ ಮಾಯ. ‘ಮೂವತ್ತು ರೂಪಾಯಿ ತಾನೇ ಅಂಕಲ್’ ಅಂತ ನಕ್ಕ. ಆ ಗ್ರೂಪಿನಲ್ಲಿ ನಾಲ್ಕು ನೂರು ಜನ ಇದ್ದರಂತೆ. ನಿಮಗೂ ಹೀಗಾದರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ಪೇಮೆಂಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವುದು ಸುಲಭ.