ಗೋಡೌನ್ ಎಣಿಸಿದ ಮೇಲೆ ಸಾಫ್ಟ್‌ವೇರ್ ಮಾತು

ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ದೀಪಾವಳಿ ಪಾಡ್ಯ ಹತ್ತಿರ ಬಂತೆಂದರೆ ನನ್ನ ಫೋನ್‌ಗೆ ಬಿಡುವಿಲ್ಲ. "ಈ ಸಲ ಖಾತೆ ಬುಕ್ಕಿನ ಜೊತೆ ಲ್ಯಾಪ್‌ಟಾಪಿಗೂ ಪೂಜೆ ಸಾರ್. ಅವತ್ತೇ ಮೊದಲ ಬಿಲ್ ಹಾಕಿಬಿಡೋಣ." ಸಂತೋಷ. ಆದರೆ ಸಾಹುಕಾರ್ರೇ, ಸ್ಟಾಕ್ ಎಣಿಸಿದ್ರಾ? "ಅದು ಆಡಿಟರ್ ಹತ್ರ ಇದೆಯಲ್ಲ!"

ಇಲ್ಲ. ಆಡಿಟರ್ ಹತ್ತಿರ ಇರುವುದು ಬ್ಯಾಲೆನ್ಸ್ ಶೀಟಿನ ಒಂದು ಸಾಲು. ಕ್ಲೋಸಿಂಗ್ ಸ್ಟಾಕ್ (ವರ್ಷದ ಕೊನೆಗೆ ಉಳಿದ ಮಾಲು) 18 ಲಕ್ಷ ಅಂತ ಇದ್ದರೆ, ಎಲ್ಲೋ ಸಣ್ಣ ಅಕ್ಷರದಲ್ಲಿ 'ಮಾಲೀಕರು ದೃಢೀಕರಿಸಿದಂತೆ' ಅಂತಲೂ ಇರುತ್ತದೆ. ಆ ಮಾಲೀಕರು ನೀವೇ. ಮಾರ್ಚ್ ಕೊನೆಯಲ್ಲಿ ಗಲ್ಲಾದ ಮೇಲೆ ಕೂತು ನೀವು ಅಂದಾಜಿಗೆ ಹೇಳಿದ ಅಂಕಿ ಅದು. ಸಾಲದ್ದಕ್ಕೆ ಅದು ಬರೀ ರೂಪಾಯಿ ಲೆಕ್ಕ. ಸಾಫ್ಟ್‌ವೇರಿಗೆ ಬೇಕಾಗಿರುವುದು ಯಾವ ಮಾಲು, ಎಷ್ಟು, ಯಾವ ದರಕ್ಕೆ ತಂದಿದ್ದು ಅನ್ನುವ ಪಟ್ಟಿ. 18 ಲಕ್ಷವನ್ನು ಐಟಮ್‌ಗಳಿಗೆ ಸುಮ್ನೆ ಹಂಚಿ ಕೂರಿಸಿದವರನ್ನೂ ನೋಡಿದ್ದೇನೆ. ನಾಲ್ಕು ತಿಂಗಳಾದ ಮೇಲೆ ಅವರೇ ಬಂದು "ಈ ಸಾಫ್ಟ್‌ವೇರ್ ಸರಿ ಇಲ್ಲ, ಬೇರೆ ಹಾಕಿಕೊಡಿ" ಅನ್ನುತ್ತಾರೆ.

ಯಾವ ಕಂಪನಿಯದ್ದು, ಎಷ್ಟು ಯೂಸರ್, ಕ್ಲೌಡಾ ಅಲ್ವಾ ಅನ್ನುವುದೆಲ್ಲ ಆಮೇಲಿನ ಮಾತು.

ಒಂದು ಹಾರ್ಡ್‌ವೇರ್ ಅಂಗಡಿಯ ಕಥೆ ಹೇಳುತ್ತೇನೆ. ಕರೆಂಟ್ ವೈರ್ ಬರುವುದು ಕಾಯಿಲ್ ಲೆಕ್ಕದಲ್ಲಿ, ಒಂದಕ್ಕೆ 90 ಮೀಟರ್. ಕೌಂಟರಿನಲ್ಲಿ ಹೋಗುವುದು ಮೀಟರ್ ಲೆಕ್ಕದಲ್ಲಿ. ಕಂಪ್ಯೂಟರ್ ಹುಡುಗ ಖರೀದಿಗೆ ಒಂದು ಐಟಮ್ ಮಾಡಿದ, ಮಾರಾಟಕ್ಕೆ ಇನ್ನೊಂದು. ಸ್ಟಾಕ್ ಮೈನಸ್ ಆದರೆ ಎಚ್ಚರಿಸುವ ಆಯ್ಕೆಯನ್ನು, ಬಿಲ್ ತಡ ಆಗುತ್ತೆ ಅಂತ, ಆಫ್ ಮಾಡಿಬಿಟ್ಟ. ನಾನು ಹೋದಾಗ ಒಂದು ಐಟಮ್ 40 ಕಾಯಿಲ್ ತೋರಿಸುತ್ತಿತ್ತು, ಇನ್ನೊಂದು ಮೈನಸ್ 3,060 ಮೀಟರ್. ರ‍್ಯಾಕಿನಲ್ಲಿ ಇದ್ದದ್ದು 6 ಕಾಯಿಲ್. ಕೂತು ಭಾಗಿಸಿ ನೋಡಿ, 3,060 ಮೀಟರ್ ಅಂದರೆ 34 ಕಾಯಿಲ್, 40ರಲ್ಲಿ ಅದು ಕಳೆದರೆ 6. ಲೆಕ್ಕ ಸರಿಯಾಗೇ ಇದೆ! ಆದರೆ ಇಲ್ಲದ 34 ಕಾಯಿಲ್ ಕ್ಲೋಸಿಂಗ್ ಸ್ಟಾಕಿನಲ್ಲಿ ಕೂತರೆ ಕಾಗದದ ಮೇಲೆ ಲಾಭ ಉಬ್ಬುತ್ತದೆ. ಎಷ್ಟು ಅನ್ನುವುದು ಸಾಫ್ಟ್‌ವೇರ್ ಯಾವ ಪದ್ಧತಿಯಲ್ಲಿ ಬೆಲೆ ಕಟ್ಟುತ್ತದೆ ಅನ್ನುವುದರ ಮೇಲಿದೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಂದೇ ಐಟಮ್ಮಿಗೆ ಎರಡು ಅಳತೆ ಕೊಡಬಹುದು, 1 ಕಾಯಿಲ್ ಅಂದರೆ 90 ಮೀಟರ್ ಅಂತ. ಎರಡು ನಿಮಿಷದ ಕೆಲಸ. ಮೊದಲೇ ಎಣಿಸಿದ್ದರೆ ಈ ಎರಡು ಅಳತೆಯ ತೊಡಕು ಆಗಲೇ ಕಣ್ಣಿಗೆ ಬೀಳುತ್ತಿತ್ತು.

ಅದೇ ಅಂಗಡಿಯ ಐಟಮ್ ಪಟ್ಟಿ ತಯಾರಿಸಿದ್ದು ಸಾಹುಕಾರರ ಮಗ, ಸಪ್ಲೈಯರ್ ಬಿಲ್ ನೋಡಿಕೊಂಡು, ಎಸಿ ರೂಮಿನಲ್ಲಿ ಕೂತು. ಗೋಡೌನಿನ ಹಿರಿಯರನ್ನು ಯಾರೂ ಕೇಳಿರಲಿಲ್ಲ. ಅವರು ಪೈಪಿಗೆ ಕಂಪನಿ ಹೆಸರು ಹೇಳುವವರೇ ಅಲ್ಲ, 'ಮೂಲೆಯ ದಪ್ಪಂದು' ಅನ್ನುತ್ತಾರೆ. ಕೌಂಟರ್ ಹುಡುಗರೂ ಹಾಗೇ ಕೂಗುತ್ತಾರೆ. ಸಾಫ್ಟ್‌ವೇರಿನ ಅಲಿಯಾಸ್ (ಇನ್ನೊಂದು ಹೆಸರು) ಜಾಗದಲ್ಲಿ ಆ ಹೆಸರನ್ನೇ ಹಾಕಿಸಿದೆ. ಈಗ 'ದಪ್ಪಂದು' ಅಂತ ಟೈಪ್ ಮಾಡಿದರೆ ಸರಿಯಾದ ಪೈಪೇ ಬಿಲ್ಲಿಗೆ ಬರುತ್ತದೆ. ಮಗನಿಗೆ ಸ್ವಲ್ಪ ಬೇಜಾರಾಯಿತು, ಇರಲಿ.

ಒಂದೇ ದಿನ ಎಲ್ಲಾ ಎಣಿಸಬೇಕಿಲ್ಲ. ಒಂದೊಂದೇ ರ‍್ಯಾಕ್ ಮುಗಿಸಿ ಚೀಟಿ ಅಂಟಿಸಿ, ಆಮೇಲೆ ಹೋದ ಮಾಲನ್ನು ಅದೇ ಚೀಟಿಯಲ್ಲಿ ಕಳೆಯಿರಿ. ಎಣಿಕೆಯಲ್ಲಿ ಮಾಲು ಕಮ್ಮಿ ಬಂದರೆ ನೀವೇ ಎಂಟ್ರಿ ಹಾಕಿ ಸರಿ ಮಾಡಲು ಹೋಗಬೇಡಿ. ಕಳೆದುಹೋದ, ಕಳುವಾದ, ಹಾಳಾದ ಮಾಲಿಗೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕಡಿತ) ವಾಪಸ್ ಮಾಡಬೇಕಾಗುತ್ತದೆ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ನೋಡಿ. ನಿಮ್ಮ ವಿಷಯದಲ್ಲಿ ಹೇಗೆ ಅಂತ ಆಡಿಟರೇ ಹೇಳಬೇಕು.

ಇಷ್ಟು ಹೇಳಿದರೂ ಕೆಲವರು ಎಣಿಕೆ ಬೇಡವೇ ಬೇಡ ಅನ್ನುತ್ತಾರೆ. ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ. ಮಾಲು ತೋರಿಸಿ ಓಡಿ (ಓವರ್‌ಡ್ರಾಫ್ಟ್) ಸಾಲದ ಲಿಮಿಟ್ ಪಡೆದವರು ಬ್ಯಾಂಕಿಗೆ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿರುತ್ತಾರೆ. ಅದರಲ್ಲಿರುವ ಅಂಕಿಯೇ ಬೇರೆ, ಗೋಡೌನಿನಲ್ಲಿರುವ ಮಾಲೇ ಬೇರೆ. ಕಂಪ್ಯೂಟರ್ ನಿಜ ಹೇಳಿಬಿಟ್ಟರೆ ಅನ್ನುವ ಭಯ. ಅದನ್ನು ಸರಿಮಾಡುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ನನಗೆ ಅಡ್ವಾನ್ಸ್ ಕೊಡುವ ಮೊದಲು ಆಡಿಟರ್ ಜೊತೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂರಿ.