ಮಾರ್ಚಿನಲ್ಲಿ ಬಾಡುವ ಸಸಿ ಮತ್ತು ನ್ಯಾಕ್ ಜೀನ್‌ಗಳು

ಮಲೆನಾಡಿನಲ್ಲಿ ಜೂನ್ ಮಳೆಗೆ ನೆಟ್ಟ ಮತ್ತಿ, ಹೊನ್ನೆ, ಸಾಗುವಾನಿ ಸಸಿಗಳಿಗೆ ನಿಜವಾದ ಪರೀಕ್ಷೆ ಫೆಬ್ರವರಿಯಿಂದ ಮೇವರೆಗೆ. ಜಂಬಿಟ್ಟಿಗೆ ನೆಲದ ಮೇಲ್ಪದರ ಬೇಗ ಒಣಗುತ್ತದೆ. ಬೇರು ಆಳಕ್ಕಿಳಿಯದ ಸಸಿ ಅಲ್ಲಿಗೆ ಮುಗಿಯಿತು. ಬರ ತಾಳುವ ಜೀನ್ ಯಾವುದೋ ಒಂದನ್ನು ಹುಡುಕಿ ಸೇರಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಅಷ್ಟು ಸಲೀಸಲ್ಲ. ಕಾರಣ ತಿಳಿಯಲು ನ್ಯಾಕ್ ಎಂಬ ಜೀನ್ ಕುಟುಂಬವೊಂದನ್ನು ನೋಡಿದರೆ ಸಾಕು.

ಇದು ಸಸ್ಯಗಳಲ್ಲಿ ಮಾತ್ರ ಇರುವ ಕುಟುಂಬ; ಇವುಗಳಿಂದಾಗುವ ಪ್ರೊಟೀನ್‌ಗಳು ಡಿಎನ್‌ಎ ಹಿಡಿದು ಬೇರೆ ಜೀನ್‌ಗಳನ್ನು ಚಾಲೂ ಮಾಡುತ್ತವೆ ಇಲ್ಲವೇ ತಡೆಯುತ್ತವೆ. ಜೀನೋಮ್ (ಇಡೀ ಡಿಎನ್‌ಎ ಬರಹ) ಪ್ರಕಟವಾದ ಮೊದಲ ಮರ ಪಾಪ್ಲರ್, 2006ರಲ್ಲಿ. ಅದರಲ್ಲಿ 163 ನ್ಯಾಕ್ ಜೀನ್‌ಗಳನ್ನು ಗುರುತಿಸಲಾಗಿದೆ. ಇವುಗಳ ಪ್ರೊಟೀನಿನ ಮುಂಭಾಗ, ಸುಮಾರು 150 ಅಮೈನೋ ಆಮ್ಲಗಳಷ್ಟು, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಡಿಎನ್‌ಎ ಹಿಡಿಯುವುದು ಅದೇ. ಬಾಲದ ಭಾಗ ಮಾತ್ರ ಒಂದೊಂದರದು ಒಂದೊಂದು ರೀತಿ.

ನ್ಯಾಕ್ ಕುಟುಂಬದ ವಿಎನ್‌ಡಿ7 ಎಂಬುದು ನೀರು ಸಾಗಿಸುವ ಜಲನಾಳ ಕಟ್ಟಿಸುವ ಮೇಸ್ತ್ರಿ. ಅದರ ಅಪ್ಪಣೆಯಾದರೆ ಕೋಶಭಿತ್ತಿ ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್‌ನಿಂದ ದಪ್ಪವಾಗಿ, ಒಳಗಿನದ್ದೆಲ್ಲ ಕರಗಿ, ಕೋಶ ಸತ್ತು ಟೊಳ್ಳು ಕೊಳವೆಯಾಗುತ್ತದೆ. ಅದೇ ಮನೆತನದ ಇನ್ನು ಕೆಲವು ನೀರು ಕಡಿಮೆಯಾದಾಗ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ಸೂಚನೆಗೆ ಎದ್ದು ರಕ್ಷಣೆಯ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಕೆಲವು ಎಲೆಗೆ ಮುಪ್ಪು ತರುತ್ತವೆ. ಭಿತ್ತಿ ದಪ್ಪವಾಗಿಸುವ ನ್ಯಾಕ್ ಜೀನನ್ನು ಪಾಪ್ಲರ್‌ನಲ್ಲಿ ಅತಿಯಾಗಿ ದುಡಿಸಿದಾಗ ಎಲೆಯ ಕೋಶಗಳಲ್ಲೂ ಬೇಡದ ಕಡೆ ಲಿಗ್ನಿನ್ ಕೂತಿತು. ಸದಾ ಚಾಲೂ ಇಟ್ಟರೆ ಬೆಳವಣಿಗೆಯೇ ಹದಗೆಡುವ ಅಪಾಯ ಇದು. (ಬೇಸಿಗೆಯಲ್ಲಿ ಸಾಗುವಾನಿ ಎಲೆ ಉದುರಿಸಿತೆಂದು ಅದನ್ನೂ ನ್ಯಾಕ್ ಲೆಕ್ಕಕ್ಕೆ ಬರೆಯಬೇಡಿ; ಎಲೆಯ ಮುಪ್ಪಿನ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಿಂದ ಬಂದದ್ದು.)

ನಮ್ಮ ಮರಗಳಲ್ಲಿ ನ್ಯಾಕ್ ಜೀನ್‌ಗಳು ಎಷ್ಟು ಚಾಲೂ ಇವೆ ಎಂದು ಅಳೆಯಹೊರಟ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಎಲೆ ಕೀಳುವಲ್ಲೇ. ಕಿತ್ತ ಎಲೆಯನ್ನು ಕವರಿಗೆ ಹಾಕಿ ಲ್ಯಾಬಿಗೆ ಒಯ್ದರೆ ಗಾಯಕ್ಕೇ ಕೆಲವು ನ್ಯಾಕ್ ಜೀನ್‌ಗಳು ಏರಿಬಿಡುತ್ತವೆ. ಬರದ್ದು ಯಾವುದು, ಗಾಯದ್ದು ಯಾವುದು ತಿಳಿಯದು. ಸಸಿಯ ಬುಡದಲ್ಲೇ ದ್ರವ ಸಾರಜನಕಕ್ಕೆ (ಮೈನಸ್ 196 ಡಿಗ್ರಿ) ಅದ್ದಿ, ಮೈನಸ್ 80ರಲ್ಲಿ ಇಡಿ. ದಿನವೂ ಒಂದೇ ಹೊತ್ತಿಗೆ ಕೀಳಿ, ಏಕೆಂದರೆ ಜೀನ್‌ಗಳ ಮಟ್ಟ ಹಗಲು-ರಾತ್ರಿಗೆ ತಕ್ಕಂತೆ ಏರಿಳಿಯುತ್ತದೆ. ಮತ್ತಿಯಂಥ ಟ್ಯಾನಿನ್ ತುಂಬಿದ ಎಲೆಯಿಂದ ಆರ್‌ಎನ್‌ಎ (ಚಾಲೂ ಇರುವ ಜೀನಿನ ನಕಲು) ತೆಗೆಯಲು ಸಾಮಾನ್ಯ ಕಿಟ್ ಸಾಲದು: ಶೇ. 2 ಸಿಟಿಎಬಿ (ಕೋಶ ಒಡೆಯುವ ಮಾರ್ಜಕ), ಶೇ. 2 ಪಿವಿಪಿ (ಟ್ಯಾನಿನ್ ಹಿಡಿಯುವಂಥದ್ದು), ಶೇ. 2 ಮರ್ಕ್ಯಾಪ್ಟೊಎಥನಾಲ್ (ಕಂದಾಗುವುದನ್ನು ತಡೆಯುವಂಥದ್ದು) ಇರುವ ಬಫರ್ ದ್ರಾವಣ ಬೇಕು. ಆರ್‌ಎನ್‌ಎ ಕಂದು ಬಣ್ಣಕ್ಕೆ ತಿರುಗಿದರೆ ಅದನ್ನು ಬಿಟ್ಟು ಮತ್ತೆ ಮಾಡಿ. ಹೋಲಿಕೆಗೆ, ಮಟ್ಟ ಬದಲಾಗದೆಂದು ಎಣಿಸುವ ಆಕ್ಟಿನ್ ಜೀನ್ ಒಂದನ್ನೇ ನಂಬಬೇಡಿ, ಎರಡಾದರೂ ಸ್ಥಿರ ಜೀನ್‌ಗಳಿರಲಿ. ಮೂರು ಪುನರಾವರ್ತನೆ ಎಂದರೆ ಮೂರು ಬೇರೆ ಸಸಿಗಳು, ಒಂದೇ ಸಸಿಯ ಮೂರು ಟ್ಯೂಬ್ ಅಲ್ಲ.

ನರ್ಸರಿಯವರಿಗೆ ಇದಾವುದೂ ಬೇಡ; ಸಸಿಯಲ್ಲಿ ಇರುವ ಜೀನ್‌ಗಳನ್ನೇ ಪಳಗಿಸಿದರಾಯಿತು. ನೆಡುವುದಕ್ಕೆ ಮೂರು-ನಾಲ್ಕು ವಾರ ಮುಂಚೆ ನೆರಳು ತೆಗೆಯುತ್ತಾ, ನೀರಿನ ನಡುವಿನ ಅಂತರ ಹೆಚ್ಚಿಸುತ್ತಾ ಬನ್ನಿ. ಚೀಲಗಳನ್ನು ಜಾಗ ಬದಲಿಸಿ, ನೆಲಕ್ಕೆ ಇಳಿದ ಬೇರು ಕತ್ತರಿಸಿ. ಮಧ್ಯಾಹ್ನ ಎಲೆ ಜೋತು ಸಂಜೆಗೆ ಚೇತರಿಸಿಕೊಂಡರೆ ಸರಿ. ಬೆಳಗಿನ ಹೊತ್ತಿಗೂ ಜೋತೇ ಇದ್ದರೆ ಮಿತಿ ದಾಟಿದೆ, ಕೂಡಲೇ ನೀರು ಕೊಡಿ.