ಜನರೇಟರ್ ಯಾವ ಮಹಡಿಯಲ್ಲಿದೆ?

ಅಪಾಯಕಾರಿ ವಸ್ತುಗಳನ್ನು ಇಟ್ಟುಕೊಂಡ ಸಂಶೋಧನಾ ಕೇಂದ್ರಗಳ ತುರ್ತು ಯೋಜನೆ ಪರಿಶೀಲಿಸುವುದು ನನ್ನ ಕೆಲಸ. ಹೋದ ಕೂಡಲೇ ದಪ್ಪ ಫೈಲೊಂದನ್ನು ತಂದು ಮುಂದಿಡುತ್ತಾರೆ. ಅದನ್ನು ತೆರೆಯುವ ಮೊದಲೇ ಕೇಳಿಬಿಡುತ್ತೇನೆ: ಜನರೇಟರ್ ಎಲ್ಲಿದೆ? ನೆಲಮಾಳಿಗೆಯಲ್ಲಿ ಅಂದರೆ ಮೊದಲು ಅಲ್ಲಿಗೆ, ಫೈಲು ಆಮೇಲೆ.

ಫೈಲಿನಲ್ಲಿ ಬೆಂಕಿಗೊಂದು ಅಧ್ಯಾಯ, ನೆರೆಗೊಂದು, ಕರೆಂಟ್ ಹೋಗುವುದಕ್ಕೆ ಇನ್ನೊಂದು. ನಿಜವಾದ ಅವಘಡಗಳು ಹೀಗೆ ಸರದಿಯಲ್ಲಿ ನಿಂತು ಬರುವುದಿಲ್ಲ, ಅಲ್ವಾ? ನೀರು ನುಗ್ಗಿದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದರೆ ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯಾನ್ ನಿಲ್ಲುತ್ತದೆ, ತಣ್ಣಗಿಡಲೇಬೇಕಾದ ರಾಸಾಯನಿಕ ಬಿಸಿಯಾಗತೊಡಗುತ್ತದೆ. ಕಾರ್ಡ್ ತೋರಿಸಿ ತೆರೆಯುವ ಬಾಗಿಲು ಆಗ ತೆರೆದುಕೊಳ್ಳುತ್ತದೋ, ಬೀಗ ಬೀಳುತ್ತದೋ? ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟವರು ಕಡಿಮೆ.

2001ರ ಜೂನ್‌ನಲ್ಲಿ ಆಲಿಸನ್ ಚಂಡಮಾರುತದ ಮಳೆಗೆ ಅಮೆರಿಕದ ಹ್ಯೂಸ್ಟನ್‌ನ ವೈದ್ಯಕೀಯ ಸಂಶೋಧನಾ ಕಟ್ಟಡಗಳ ನೆಲಮಾಳಿಗೆಗಳು ತುಂಬಿಹೋದವು. ಪ್ರಯೋಗದ ಸಾವಿರಾರು ಪ್ರಾಣಿಗಳು ಸತ್ತವು, ವರ್ಷಗಟ್ಟಲೆ ಕೂಡಿಟ್ಟ ಮಾದರಿಗಳು ಹಾಳಾದವು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಸುನಾಮಿಯ ನೀರು ಡೀಸೆಲ್ ಜನರೇಟರ್‌ಗಳನ್ನು ನಿಲ್ಲಿಸಿತು; ಹೆಚ್ಚಿನವು ಇದ್ದದ್ದು ನೆಲಮಾಳಿಗೆಯಲ್ಲೇ. ಮರುವರ್ಷ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್‌ನ ಸಂಶೋಧನಾಲಯವೊಂದರ ನೆಲಮಾಳಿಗೆಯಲ್ಲಿ ಮತ್ತೆ ಸಾವಿರಾರು ಇಲಿಗಳು ಮುಳುಗಿದವು. ಭಾರದ ಯಂತ್ರ ಕೆಳಗಿರಲಿ ಅನ್ನುವುದು ಕಟ್ಟುವವರಿಗೆ ಸಹಜ. ನೀರಿಗೂ ಅದೇ ಇಷ್ಟ.

ಇನ್ನು ಅಗ್ನಿಶಾಮಕದವರ ವಿಷಯ. ಅವರು ಬಂದು ಮೊದಲು ಕೇಳುವುದು, ಒಳಗೆ ಏನಿದೆ? ಸೋಡಿಯಂ ಮೇಲೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟಿ ಹೊತ್ತಿಕೊಳ್ಳುತ್ತದೆ. ಇದನ್ನು ಹೇಳಬೇಕಾದ ಪಟ್ಟಿ ಎಷ್ಟೋ ಕಡೆ ಉರಿಯುತ್ತಿರುವ ಕೋಣೆಯ ಕಂಪ್ಯೂಟರಿನಲ್ಲೇ ಇರುತ್ತದೆ! ಪಟ್ಟಿಯ ಒಂದು ಪ್ರತಿ ಗೇಟಿನ ಹತ್ತಿರ ಇರಲಿ, ಕಾಗದದಲ್ಲೇ ಇರಲಿ. ಏನೂ ಆಗದ ದಿನ ಅವರನ್ನು ಒಮ್ಮೆ ಕರೆದು ಒಳಗೆಲ್ಲ ಓಡಾಡಿಸಿ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಬೆಂಕಿಯಲ್ಲ, ದ್ರವ ಸಾರಜನಕ. ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಚಿಕ್ಕ ಕೋಣೆಯಲ್ಲಿ ಆಮ್ಲಜನಕ ತೀರಾ ಇಳಿದರೆ ಮನುಷ್ಯ ಸದ್ದಿಲ್ಲದೆ ಕುಸಿಯುತ್ತಾನೆ. ಬಿದ್ದವನನ್ನು ಕಂಡು ಗೆಳೆಯ ಒಳಗೆ ಓಡುತ್ತಾನೆ, ಅವನೂ ಬೀಳುತ್ತಾನೆ. ಅದಕ್ಕೇ ಆಮ್ಲಜನಕದ ಮಟ್ಟ ಬಾಗಿಲಿನ ಹೊರಗೇ ಕಾಣಬೇಕು. ಉಸಿರಾಟದ ಸಿಲಿಂಡರ್ ಇಲ್ಲದೆ ಯಾರೂ ಒಳಗೆ ಕಾಲಿಡಬಾರದು. ಹೇಳುವುದು ಸುಲಭ; ಕಣ್ಣೆದುರು ಗೆಳೆಯ ಬಿದ್ದಿರುವಾಗ ಹೊರಗೇ ನಿಲ್ಲುವುದಕ್ಕೆ ಅಭ್ಯಾಸ ಬೇಕು.

ಅಭ್ಯಾಸ ಅಂದರೆ ಗಂಟೆ ಬಾರಿಸಿ, ಮೈದಾನದಲ್ಲಿ ಸಾಲಾಗಿ ನಿಂತು, ಸುಮ್ನೆ ಫೋಟೋ ತೆಗೆಸಿಕೊಳ್ಳುವುದಲ್ಲ. ಎಲ್ಲ ಗೊತ್ತಿರುವ ಹಿರಿಯರೊಬ್ಬರು ಪ್ರತಿ ಸಂಸ್ಥೆಯಲ್ಲೂ ಇರುತ್ತಾರೆ. ಅಣಕು ಕಾರ್ಯಾಚರಣೆ ಶುರುವಾಗುವ ಮುಂಚೆ ಅವರನ್ನು ಪಕ್ಕಕ್ಕೆ ಕರೆದು, 'ಸರ್, ಇವತ್ತು ನಿಮಗೆ ರಜೆ, ಬಾಯಿ ಬಿಡಬೇಡಿ' ಅನ್ನುತ್ತೇನೆ. ಅನಿಲದ ಮುಖ್ಯ ವಾಲ್ವ್ ಎಲ್ಲಿದೆ ಅನ್ನುವುದು ಆಮೇಲೆ ಎಷ್ಟು ಜನಕ್ಕೆ ಗೊತ್ತು ನೋಡಬೇಕು.

ಒಂದು ಕಡೆ ಹೀಗೆ ಎಲ್ಲರನ್ನೂ ಹೊರಗೆ ಕಳಿಸಿ, 'ಈಗ ತುರ್ತು ಫೋನ್ ಪಟ್ಟಿಯ ಮೊದಲ ನಂಬರಿಗೆ ಫೋನ್ ಮಾಡಿ' ಅಂದೆ. ಮಾಡಿದರು. ನಾವು ಆಗಷ್ಟೇ ಖಾಲಿ ಮಾಡಿಸಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಫೋನ್ ರಿಂಗಾಗುವುದು ಕೆಳಗಿದ್ದ ನಮಗೆಲ್ಲ ಕೇಳಿಸಿತು.